ಕುಂಗ್ ಫೂ ಅಖಾಡದಲ್ಲಿ ಸೋಲುವುದೇಕೆ, ಗೆಲ್ಲುವುದು ಯಾವಾಗ?

2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ನಡೆದ ಒಂದು ಕಾಳಗದ ವಿಡಿಯೊ ಇಂದಿಗೂ ಜಾಲತಾಣಗಳಲ್ಲಿ ಸುತ್ತುತ್ತಿದೆ. ಒಂದು ಕಡೆ ಕುಂಗ್ ಫೂವಿನ ಒಂದು ಶೈಲಿಯಾದ ತೈ ಚಿಯ ಗುರು ವೇ ಲೇ, ಇನ್ನೊಂದು ಕಡೆ ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಮಿಶ್ರ ಸಮರ ಕಲೆಯ ತರಬೇತುದಾರ ಶೂ ಶಿಯಾವೊಡಾಂಗ್. ಗುರು ಕೈ ಮುಂದೆ ಚಾಚಿ ನಿಂತರು. ಶೂ ನುಗ್ಗಿ ಗುದ್ದತೊಡಗಿದರು. ಅರ್ಧ ನಿಮಿಷ ಕಳೆಯುವುದರೊಳಗೆ ಗುರು ನೆಲದ ಮೇಲಿದ್ದರು.

ಎರಡು ವರ್ಷದ ಬಳಿಕ, 2019ರ ಆಗಸ್ಟ್ 31ರಂದು, ಅದೇ ಚೀನಾದ ಶೆನ್‌ಜೆನ್‌ನಲ್ಲಿ ಝಾಂಗ್ ವೇಲಿ ಎಂಬ ಯುವತಿ, ಮಿಶ್ರ ಸಮರ ಕಲೆಯ ದೊಡ್ಡ ಕೂಟಗಳನ್ನು ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿಯ ಚಾಂಪಿಯನ್ ಆಗಿದ್ದ ಬ್ರೆಜಿಲ್‌ನ ಜೆಸಿಕಾ ಆಂಡ್ರಾಜಿಯನ್ನು 42 ಸೆಕೆಂಡುಗಳಲ್ಲಿ ಸೋಲಿಸಿ ಪಟ್ಟ ಗೆದ್ದರು. ಚೀನಾಕ್ಕೆ ಬಂದ ಮೊದಲ ಯುಎಫ್‌ಸಿ ಪಟ್ಟ ಅದು. ಝಾಂಗ್ ಬೆಳೆದದ್ದು ಸಾಂಡಾ ಎಂಬ ಚೀನೀ ಸೆಣಸಾಟದಲ್ಲಿ. ಸಾಂಡಾ ಕೂಡ ಕುಂಗ್ ಫೂ ಬಳಗದ್ದೇ ಎಂದು ಚೀನಾದ ಕ್ರೀಡಾ ವ್ಯವಸ್ಥೆ ಹೇಳುತ್ತದೆ.

ಹಾಗಾದರೆ ಕುಂಗ್ ಫೂ ಸೋತಿತೋ ಗೆದ್ದಿತೋ? ಈ ಗೊಂದಲ ಬಗೆಹರಿಯಬೇಕಾದರೆ ಪಟ್ಟುಗಳನ್ನು ನೋಡುವ ಮೊದಲು ಆ ಪಟ್ಟುಗಳನ್ನು ಕಲಿಸುವ ರೀತಿಯನ್ನು ನೋಡಬೇಕು.

ಚೆಂಗ್ಡು ಕಾಳಗದ ನಂತರ

ವೇ ಲೇ ಅವರನ್ನು ಚೀನಾದ ಸರ್ಕಾರಿ ಟಿವಿ ವಾಹಿನಿ ಮೊದಲೇ ತೋರಿಸಿತ್ತು. ಅಂಗೈ ಮೇಲೆ ಕೂತ ಪಾರಿವಾಳ ಹಾರಲಾಗದಂತೆ ತಡೆಯುವ ಪ್ರದರ್ಶನ ಆ ಕಾರ್ಯಕ್ರಮದಲ್ಲಿತ್ತು. ಶೂ ಅವರ ಸಿಟ್ಟು ಇದ್ದದ್ದು ಇಂಥ ಹೇಳಿಕೆಗಳ ಮೇಲೆ. ತಾನು ಸಂಪ್ರದಾಯದ ವಿರೋಧಿಯಲ್ಲ, ವಂಚನೆಯ ವಿರೋಧಿ ಎಂದು ಅವರು ಮತ್ತೆ ಮತ್ತೆ ಹೇಳಿದರು. ಚೀನೀ ವುಶು ಸಂಘ ಈ ಕಾಳಗವನ್ನು ಖಂಡಿಸಿತು (ಚೀನಾದಲ್ಲಿ ಸಮರ ಕಲೆಗಳಿಗೆ ವುಶು ಎಂದೇ ಹೆಸರು). ಮುಂದೆ ಚೆನ್ ಶೈಲಿಯ ತೈ ಚಿಯ ಹಿರಿಯ ಗುರು ಚೆನ್ ಶಿಯಾವೊವಾಂಗ್ ಅವರನ್ನು ನಿಂದಿಸಿದ ಪ್ರಕರಣದಲ್ಲಿ ಶೂ ಕ್ಷಮೆ ಕೇಳಬೇಕು, ಪರಿಹಾರ ಕೊಡಬೇಕು ಎಂದು ನ್ಯಾಯಾಲಯ ತೀರ್ಪು ನೀಡಿತು. ವಿಮಾನ ಮತ್ತು ಅತಿವೇಗದ ರೈಲಿನ ಟಿಕೆಟ್ ಕೊಳ್ಳಲೂ ಅವರಿಗೆ ನಿರ್ಬಂಧ ಬಿತ್ತು.

2020ರ ಮೇ ತಿಂಗಳಲ್ಲಿ ಇನ್ನೊಂದು ಘಟನೆ. ತೈ ಚಿ ಗುರು ಎಂದು ಕರೆದುಕೊಳ್ಳುತ್ತಿದ್ದ 69 ವರ್ಷದ ಮಾ ಬಾವೊಗುವೊ ಅವರನ್ನು ಐವತ್ತರ ಆಸುಪಾಸಿನ ಹವ್ಯಾಸಿ ಹೊಡೆದಾಟಗಾರರೊಬ್ಬರು ಅರ್ಧ ನಿಮಿಷದಲ್ಲಿ ಮೂರು ಸಲ ಕೆಡವಿದರು. ಅದೇ ವರ್ಷದ ಜುಲೈನಲ್ಲಿ ವುಶು ಸಂಘವು ಯಾರೂ ತಮ್ಮನ್ನು ತಾವೇ ಮಹಾಗುರು, ಪೀಠಾಧಿಪತಿ ಎಂದು ಘೋಷಿಸಿಕೊಳ್ಳಬಾರದು, ಅನಧಿಕೃತ ಕಾಳಗಕ್ಕೆ ಇಳಿಯಬಾರದು ಎಂದು ಕರೆ ಕೊಟ್ಟಿತು. ಡಿಸೆಂಬರ್‌ನಲ್ಲಿ ತೈ ಚಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಒಂದೇ ವರ್ಷದಲ್ಲಿ ಕಲೆಗೆ ಜಾಗತಿಕ ಮನ್ನಣೆಯೂ ಬಂತು, ಅದರ ಹೆಸರಿನಲ್ಲಿ ದೊಡ್ಡ ಮಾತಾಡಿದವರಿಗೆ ಅವಮಾನವೂ ಆಯಿತು. ಇವೆರಡೂ ಬೇರೆ ಬೇರೆ ಸಂಗತಿಗಳು. ಒಂದನ್ನು ಇನ್ನೊಂದರ ಉತ್ತರವಾಗಿ ತೋರಿಸುವುದರಿಂದಲೇ ಚರ್ಚೆ ಹಳಿ ತಪ್ಪುತ್ತದೆ.

69 ವರ್ಷದವರೊಬ್ಬರು ಬಿದ್ದುದರಿಂದ ಒಂದು ಕಲೆಯ ಬಗ್ಗೆ ಏನೂ ಸಾಬೀತಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎರಡು ಕಾಳಗಗಳ ವಿಡಿಯೊ ಇಟ್ಟುಕೊಂಡು ನೂರಾರು ಶೈಲಿಗಳ ಮೇಲೆ ತೀರ್ಪು ಕೊಡುವುದು ಅವಸರ. ಆದರೆ ಈ ಎರಡೇ ಅಲ್ಲ, ಇನ್ನೂ ಹಳೆಯ ಪುರಾವೆಗಳಿವೆ.

ಈ ಜಗಳ ಹೊಸದಲ್ಲ

ಹದಿನಾರನೇ ಶತಮಾನದಲ್ಲಿ ಚೀನಾವನ್ನಾಳಿದ ಮಿಂಗ್ ರಾಜವಂಶದ ಸೇನಾಪತಿ ಚೀ ಜಿಗುವಾಂಗ್ ತನ್ನ ಸೈನ್ಯಕ್ಕಾಗಿ ಬರೆದ ತರಬೇತಿ ಕೈಪಿಡಿಯಲ್ಲಿ ಮುಷ್ಟಿಕಲೆಗೂ ಒಂದು ಅಧ್ಯಾಯವಿದೆ. ದೊಡ್ಡ ಯುದ್ಧಕ್ಕೆ ಬರಿಗೈ ವಿದ್ಯೆಯಿಂದ ಅಂಥ ಪ್ರಯೋಜನವಿಲ್ಲ, ಆದರೆ ಕೈಕಾಲು ಪಳಗುತ್ತವೆ, ಹೊಸಬರು ಶಸ್ತ್ರವಿದ್ಯೆಗೆ ಕಾಲಿಡಲು ಅದೇ ಬಾಗಿಲು ಎಂಬುದು ಆತನ ಅಭಿಪ್ರಾಯ. ರಣರಂಗ ಕಂಡವನೇ ಹೇಳಿದ ಮಾತಿದು. ಬರಿಗೈ ವರಸೆಗಳು ಸೈನಿಕನಿಗೆ ಮೊದಲ ಪಾಠವಾಗಿದ್ದವು, ಕೊನೆಯ ಅಸ್ತ್ರವಾಗಿರಲಿಲ್ಲ.

1928ರಲ್ಲಿ ನಾನ್‌ಜಿಂಗ್‌ನ ಕೇಂದ್ರ ಗುವೊಶು ಸಂಸ್ಥೆ (ಸಮರ ಕಲೆಗೆ ಆಗಿನ ಹೆಸರು ಗುವೊಶು) ದೇಶದ ನಾನಾ ಶೈಲಿಗಳವರನ್ನು ಕರೆಸಿ ಕಟ್ಟೆಯ ಮೇಲೆ ಸೆಣಸಿಸಿತು. ರಕ್ಷಣಾ ಸಾಮಗ್ರಿ ತೀರಾ ಕಡಿಮೆ, ನಿಯಮಗಳೂ ಕಡಿಮೆ. ಗಾಯಾಳುಗಳ ಸಂಖ್ಯೆ ಎಷ್ಟು ಏರಿತೆಂದರೆ ಕೊನೆಯ ಹಂತದ ಕಾಳಗಗಳನ್ನು ನಿಲ್ಲಿಸಿ, ಉಳಿದವರ ಸ್ಥಾನಗಳನ್ನು ಹೊಡೆದಾಟವಿಲ್ಲದೆಯೇ ತೀರ್ಮಾನಿಸಿದರು. ಅಂದು ಕಟ್ಟೆ ಹತ್ತಿದವರಿಗೆ ಹೊಡೆಯುವುದೂ ಗೊತ್ತಿತ್ತು, ಹೊಡೆತ ತಿನ್ನುವುದೂ ಗೊತ್ತಿತ್ತು. ಸಾಂಪ್ರದಾಯಿಕ ಕುಂಗ್ ಫೂಗೆ ಸೆಣಸಾಟವೇ ಗೊತ್ತಿಲ್ಲ ಎನ್ನುವವರು ಈ ಕೂಟವನ್ನು ಮರೆಯಬಾರದು.

ಇದಕ್ಕೆ ವ್ಯತಿರಿಕ್ತವಾದ ಘಟನೆ 1954ರ ಜನವರಿಯದು. ಹಾಂಗ್‌ಕಾಂಗ್‌ನಲ್ಲಿ ಬೆಂಕಿಗೆ ಮನೆ ಕಳೆದುಕೊಂಡವರ ನೆರವಿಗಾಗಿ ಮಕಾವುದಲ್ಲಿ ಏರ್ಪಟ್ಟ ಕೂಟದಲ್ಲಿ ತೈ ಚಿಯ ವು ಗಾಂಗ್‌ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್‌ಫು ಎದುರಾದರು. ಅದರ ಚಲನಚಿತ್ರ ಉಳಿದಿದೆ. ಇಬ್ಬರೂ ಕೈ ಬೀಸುತ್ತಾರೆ, ಮೂಗಲ್ಲಿ ರಕ್ತ ಸುರಿಯುತ್ತದೆ. ಎರಡನೇ ಸುತ್ತಿನಲ್ಲೇ ಕಾಳಗ ನಿಲ್ಲಿಸಿ ಯಾರೂ ಗೆದ್ದಿಲ್ಲ ಎಂದು ಸಾರಿದರು. ಎರಡು ಶೈಲಿಗಳ ಹೆಸರಾಂತ ಪ್ರತಿನಿಧಿಗಳು ಎದುರುಬದುರಾದಾಗ ತೈ ಚಿಯೂ ಕಾಣಲಿಲ್ಲ, ಕೊಕ್ಕರೆಯೂ ಕಾಣಲಿಲ್ಲ. ಆದರೆ ಜನರ ಉತ್ಸಾಹ ಎಷ್ಟಿತ್ತೆಂದರೆ, ಕೆಲವೇ ದಿನಗಳಲ್ಲಿ ಹಾಂಗ್‌ಕಾಂಗ್‌ನ ಪತ್ರಿಕೆಯೊಂದು ಸಮರವೀರರ ಧಾರಾವಾಹಿ ಕಾದಂಬರಿ ಶುರು ಮಾಡಿತು. ಹೊಸ ಅಲೆಯ ಚೀನೀ ವೀರಕಥೆಗಳು ಹುಟ್ಟಿದ್ದು ಅಲ್ಲಿಂದ. ಕಾಳಗದಲ್ಲಿ ಕಾಣದ್ದನ್ನು ಕಾದಂಬರಿ, ಸಿನಿಮಾಗಳು ತುಂಬಿಕೊಟ್ಟವು. ಇಂದು ನಾವು ಕುಂಗ್ ಫೂ ಎಂದಾಕ್ಷಣ ಕಣ್ಣಮುಂದೆ ತಂದುಕೊಳ್ಳುವ ಚಿತ್ರದ ದೊಡ್ಡ ಪಾಲು ಅಲ್ಲಿಯದು.

ವರಸೆ ಒಂದು ದಾರಿ, ಸೆಣಸಾಟ ಇನ್ನೊಂದು ದಾರಿ

1949ರ ನಂತರ ಚೀನಾದ ಹೊಸ ಸರ್ಕಾರ ವುಶುವನ್ನು ಜನರ ಆರೋಗ್ಯಕ್ಕೂ ಪ್ರದರ್ಶನಕ್ಕೂ ಒಗ್ಗಿಸಿತು. 1956ರಲ್ಲಿ 24 ಚಲನೆಗಳ ಸರಳ ತೈ ಚಿ ರೂಪುಗೊಂಡಿತು. ಉದ್ಯಾನಗಳಲ್ಲಿ ಕೋಟ್ಯಂತರ ಜನ ಮಾಡುವುದು ಹೆಚ್ಚಾಗಿ ಅದನ್ನೇ. ಜಿಗಿತ, ಪಲ್ಟಿ, ನಿಲುವುಗಳ ಅಂದಕ್ಕೆ ಅಂಕ ಕೊಡುವ ತಾವೊಲು ಸ್ಪರ್ಧೆ ಬೆಳೆಯಿತು. ಮುಖಾಮುಖಿ ಸೆಣಸಾಟ ಮೂಲೆಗೆ ಸರಿಯಿತು.

1979ರಲ್ಲಿ ಕ್ರೀಡಾ ಇಲಾಖೆ ಕೆಲವು ಸಂಸ್ಥೆಗಳಲ್ಲಿ ಸೆಣಸಾಟವನ್ನು ಪ್ರಯೋಗವಾಗಿ ಮತ್ತೆ ಶುರು ಮಾಡಿತು. ಸಾಂಡಾ ರೂಪ ಪಡೆದದ್ದು ಹೀಗೆ. ಎಂಟು ಮೀಟರ್ ಚೌಕದ, 80 ಸೆಂಟಿಮೀಟರ್ ಎತ್ತರದ ಕಟ್ಟೆ. ಗುದ್ದಬಹುದು, ಒದೆಯಬಹುದು, ಹಿಡಿದು ಎತ್ತಿ ಒಗೆಯಬಹುದು, ಎದುರಾಳಿಯನ್ನು ಕಟ್ಟೆಯಿಂದ ಕೆಳಗೆ ತಳ್ಳಲೂಬಹುದು. ಬಿದ್ದ ಮೇಲೆ ನೆಲದ ಕಾದಾಟವಿಲ್ಲ.

ಈ ಕವಲು ಗೊತ್ತಿಲ್ಲದೆ ಮೇಲಿನ ಎರಡು ಸುದ್ದಿಗಳು ಅರ್ಥವಾಗುವುದಿಲ್ಲ. ವೇ ಲೇ ಬಂದದ್ದು ಗುರುಶಿಷ್ಯ ಪರಂಪರೆ, ವರಸೆ (ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳು), ಪ್ರಾತ್ಯಕ್ಷಿಕೆಗಳ ದಾರಿಯಿಂದ. ಝಾಂಗ್ ವೇಲಿ ಬಂದದ್ದು ದಿನವೂ ಎದುರಾಳಿಯಿಂದ ಏಟು ತಿನ್ನುವ ದಾರಿಯಿಂದ. ಹೊರಗಿನವರು ಎರಡನ್ನೂ ಕುಂಗ್ ಫೂ ಎಂದೇ ಕರೆಯುತ್ತಾರೆ.

ಸಾಂಡಾ ಕುಂಗ್ ಫೂವೇ ಅಲ್ಲ, ಕಿಕ್‌ಬಾಕ್ಸಿಂಗಿಗೆ ಕುಸ್ತಿ ಸೇರಿಸಿದ್ದು ಎಂದು ಸಂಪ್ರದಾಯಸ್ಥರು ಹೇಳುತ್ತಾರೆ. ಸಾಂಡಾದ ಗುದ್ದುಗಳು ಬಹುಪಾಲು ಬಾಕ್ಸಿಂಗಿನವು ಎಂಬುದು ನಿಜ. ಆದರೆ ಅದರ ಎಸೆತಗಳಲ್ಲಿ ಚೀನೀ ಕುಸ್ತಿಯಾದ ಶುವಾಯ್ ಜಿಯಾವೊ ಇದೆ. ಅಡ್ಡ ಒದೆತ, ಬಂದ ಕಾಲನ್ನೇ ಹಿಡಿದು ಇನ್ನೊಂದು ಕಾಲನ್ನು ಗುಡಿಸಿ ಕೆಡವುವ ಪಟ್ಟು ಹಳೆಯ ಶೈಲಿಗಳಲ್ಲೂ ಇವೆ. ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಹೊರಗಿನಿಂದ ತಂದುಕೊಂಡರೆ ಕಲೆ ತನ್ನತನ ಕಳೆದುಕೊಳ್ಳುತ್ತದೆ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹಳೆಯ ಗುರುಗಳೂ ಊರೂರು ಸುತ್ತಿ ಬೇರೆ ಶೈಲಿಗಳಿಂದ ಕಲಿತೇ ತಮ್ಮದನ್ನು ಕಟ್ಟಿದವರು.

‘ನಮ್ಮ ಪಟ್ಟು ಪ್ರಾಣಾಂತಿಕ’ ಎಂಬ ವಾದ

ಸಂಪ್ರದಾಯದ ಪರವಾಗಿ ಅತಿ ಹೆಚ್ಚು ಕೇಳಿಬರುವ ಮಾತಿದು. ಕಣ್ಣಿಗೆ ಚುಚ್ಚುವುದು, ಗಂಟಲಿಗೆ ಹೊಡೆಯುವುದು, ವೃಷಣಕ್ಕೆ ಒದೆಯುವುದು, ಬೆರಳು ಮುರಿಯುವುದು ನಮ್ಮ ವಿದ್ಯೆಯ ಜೀವಾಳ. ಕ್ರೀಡೆಯಲ್ಲಿ ಅವೆಲ್ಲ ನಿಷಿದ್ಧ. ಕೈ ಕಟ್ಟಿಹಾಕಿ ಸೆಣಸು ಎಂದರೆ ಹೇಗೆ?

ಇಂದಿನ ಮಿಶ್ರ ಸಮರ ಕಲೆಯಲ್ಲಿ ಅವು ನಿಷಿದ್ಧ ಎಂಬುದು ಸರಿ. ಆದರೆ ಮೊದಲು ಇಷ್ಟೊಂದು ನಿಷೇಧಗಳಿರಲಿಲ್ಲ. ಯುಎಫ್‌ಸಿ 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಶುರುವಾದಾಗ ತೂಕದ ವಿಭಾಗಗಳೇ ಇರಲಿಲ್ಲ. ತಲೆಯಿಂದ ಗುದ್ದಬಹುದಿತ್ತು. 1994ರ ಡಿಸೆಂಬರ್‌ನ ನಾಲ್ಕನೇ ಕೂಟದಲ್ಲಿ ವೃಷಣಕ್ಕೆ ಹೊಡೆಯುವುದಕ್ಕೂ ಅಡ್ಡಿಯಿರಲಿಲ್ಲ. ಕೆಂಪೊ ಎಂಬ ಸಮರ ಕಲೆ ಕಲಿತಿದ್ದ ಕೀತ್ ಹ್ಯಾಕ್ನಿ ಆ ಕೂಟದಲ್ಲಿ ಜೋ ಸನ್ ಎಂಬಾತನಿಗೆ ಅಲ್ಲಿಗೇ ಗುದ್ದಿ ಗುದ್ದಿ ಗೆದ್ದರು ಕೂಡ. ಆದರೂ ಆ ಕೂಟದ ಕಿರೀಟ ಗೆದ್ದದ್ದು ಎದುರಾಳಿಯನ್ನು ನೆಲಕ್ಕೆ ತಂದು ಕತ್ತು ಕೈ ಹಿಸುಕುವ ಜಿಯು ಜಿತ್ಸುವಿನ ರಾಯ್ಸ್ ಗ್ರೇಸಿ. ಹ್ಯಾಕ್ನಿಯನ್ನೂ ಅವರೇ ಸೋಲಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ನಡೆದ ಎರಡನೇ ಕೂಟಕ್ಕೆ ದಕ್ಷಿಣ ಚೀನಾದ ಕುಂಗ್ ಫೂ ಶೈಲಿಯಾದ ವಿಂಗ್ ಚುನ್ ಕಲಿತವರೂ, ಪ್ರಾಣಿಶೈಲಿಯ ಕುಂಗ್ ಫೂ ಕಲಿತ ಜೇಸನ್ ಡೆಲೂಸಿಯಾ ಅವರೂ ಬಂದಿದ್ದರು. ಡೆಲೂಸಿಯಾ ಕೂಡ ಗ್ರೇಸಿಯ ತೋಳ್ಬಿಗಿತಕ್ಕೆ ಸಿಕ್ಕಿ ಸೋತರು.

ಇದಕ್ಕಿಂತ ಘೋರವಾದ ಪುರಾವೆ 1995ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಸಿಕ್ಕಿತು. ನಿಯಮಗಳು ತೀರಾ ಕಡಿಮೆಯಿರುವ ‘ವಾಲೆ ಟೂಡೊ’ ಕೂಟವೊಂದರಲ್ಲಿ ಡಚ್ ಹೊಡೆದಾಟಗಾರ ಜೆರಾರ್ಡ್ ಗೋರ್ಡೊ ನಿಯಮ ಮೀರಿ ಯುಕಿ ನಕಾಯ್ ಅವರ ಕಣ್ಣಿಗೆ ಬೆರಳು ಹಾಕಿದರು. ನಕಾಯ್ ಬಲಗಣ್ಣಿನ ದೃಷ್ಟಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಆದರೂ ಕಾಳಗ ಬಿಡಲಿಲ್ಲ. ಎದುರಾಳಿಯ ಹಿಮ್ಮಡಿ ತಿರುಚಿ ಸೋಲೊಪ್ಪಿಸಿದರು. ಅದೇ ದಿನ ಇನ್ನೊಬ್ಬರನ್ನೂ ಸೋಲಿಸಿ ಅಂತಿಮ ಕಾಳಗದವರೆಗೆ ಹೋದರು. ಅವರಿಗಾದ ನಷ್ಟ ಯಾರಿಗೂ ಆಗಬಾರದಂಥದು. ಆದರೆ ಕಣ್ಣಿಗೆ ಕೈ ಹಾಕಿದರೆ ಕಾಳಗ ಅಲ್ಲಿಗೇ ಮುಗಿಯುತ್ತದೆ ಎಂಬ ನಂಬಿಕೆ ಆ ದಿನ ಸುಳ್ಳಾಯಿತು.

ಈ ವಾದದೊಳಗೆ ಇನ್ನೂ ಆಳವಾದ ತೊಡಕಿದೆ. ಪ್ರಾಣಾಂತಿಕ ಪಟ್ಟನ್ನು ಜೊತೆಗಾರನ ಮೇಲೆ ಪೂರ್ತಿ ಬಲದಿಂದ ಅಭ್ಯಾಸ ಮಾಡುವಂತಿಲ್ಲ. ಹಾಗಾಗಿ ಕೈಯನ್ನು ಕಣ್ಣಿನ ಮುಂದೆ ನಿಲ್ಲಿಸಬೇಕು, ಜೊತೆಗಾರನೂ ಏಟು ಬಿತ್ತೆಂದು ಒಪ್ಪಿಕೊಳ್ಳಬೇಕು. ಹತ್ತು ವರ್ಷ ಹೀಗೆ ಕಲಿತವನಿಗೆ ಓಡಾಡುವ, ತಲೆ ಅಲ್ಲಾಡಿಸುವ, ತಿರುಗಿ ಹೊಡೆಯುವ ಮನುಷ್ಯನ ಕಣ್ಣನ್ನು ಮುಟ್ಟಿದ ಅನುಭವ ಒಂದೂ ಇರುವುದಿಲ್ಲ. ಮೂಗಿಗೆ ನೇರ ಗುದ್ದು ತಲುಪಿಸಲಾಗದವನ ಬೆರಳು ಅದಕ್ಕಿಂತ ಚಿಕ್ಕ ಗುರಿಯಾದ ಕಣ್ಣನ್ನು ಮುಟ್ಟುವುದು ಹೇಗೆ?

ಜಪಾನಿನ ಕಾನೊ ಜಿಗೊರೊ ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಅರಿತಿದ್ದರು. 1882ರಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಸ್ಥಾಪಿಸಿದ ಅವರು ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಉಳಿದ ಪಟ್ಟುಗಳನ್ನು ಶಿಷ್ಯರು ದಿನವೂ ಪೂರ್ತಿ ಬಲದಿಂದ, ಪೂರ್ತಿ ಪ್ರತಿರೋಧದ ಎದುರು ಆಡತೊಡಗಿದರು. 1880ರ ದಶಕದಲ್ಲಿ ಟೋಕಿಯೊ ಪೊಲೀಸರು ಏರ್ಪಡಿಸಿದ ಪಂದ್ಯಗಳಲ್ಲಿ ಈ ಶಿಷ್ಯರು ಅಪಾಯಕಾರಿ ಪಟ್ಟುಗಳನ್ನು ಬಿಡದ ಹಳೆಯ ಶಾಲೆಗಳವರ ಮೇಲೆ ಮೇಲುಗೈ ಸಾಧಿಸಿದರು. ಪಟ್ಟುಗಳ ಸಂಖ್ಯೆ ಇಳಿದರೂ ಸೆಣಸುವ ಶಕ್ತಿ ಏರಿತು, ಏಕೆಂದರೆ ಅಭ್ಯಾಸ ನಿಜವಾಗಿತ್ತು. ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಂಗತಿ ಇದೇ.

ಯಾವ ಪಟ್ಟು ನಡೆಯುತ್ತದೆ?

ಒದೆತಗಳಿಂದ ಶುರು ಮಾಡೋಣ, ಕುಂಗ್ ಫೂ ಗಟ್ಟಿಯಾಗಿ ನಿಲ್ಲುವುದು ಅಲ್ಲಿ. ಸಾಂಡಾದಿಂದ ಬಂದ ಕಂಗ್ ಲೀ 2008ರ ಮಾರ್ಚ್‌ನಲ್ಲಿ ಮಿಶ್ರ ಸಮರ ಕಲೆಯ ಇನ್ನೊಂದು ಸಂಸ್ಥೆಯಾದ ಸ್ಟ್ರೈಕ್‌ಫೋರ್ಸ್‌ನ ಪಟ್ಟಕ್ಕಾಗಿ ಫ್ರಾಂಕ್ ಶ್ಯಾಮ್‌ರಾಕ್ ಎದುರು ನಿಂತರು. ಒದೆತಗಳನ್ನು ತಡೆಯುತ್ತಲೇ ಶ್ಯಾಮ್‌ರಾಕ್ ಅವರ ಮುಂಗೈ ಮೂಳೆ ಮುರಿಯಿತು, ಪಟ್ಟ ಕೈ ಬದಲಾಯಿತು. 2024ರ ನವೆಂಬರ್‌ನಲ್ಲಿ ಮಕಾವುದಲ್ಲಿ ಡಾಗೆಸ್ತಾನದ ಸಾಂಡಾ ವಿಶ್ವ ಚಾಂಪಿಯನ್ ಮುಸ್ಲಿಂ ಸಲಿಖೋವ್ ಚೀನಾದ ಸಾಂಗ್ ಕೆನಾನ್ ಅವರನ್ನು ಮೊದಲ ಸುತ್ತಿನಲ್ಲೇ ಸುತ್ತೊದೆತದಿಂದ ಕೆಡವಿದರು. ಆಗ ಸಲಿಖೋವ್ ಅವರಿಗೆ ನಲವತ್ತು ವರ್ಷ. ಸಿನಿಮಾದಲ್ಲಷ್ಟೇ ಸಾಧ್ಯ ಎಂದುಕೊಳ್ಳುವ ಒದೆತವದು.

ಮುಂದಿನ ಕಾಲನ್ನು ಚಾಚಿ ಎದುರಾಳಿಯ ಮೊಣಕಾಲಿನ ಮೇಲ್ಭಾಗಕ್ಕೆ ತುಳಿಯುವ ಒದೆತ ವಿಂಗ್ ಚುನ್‌ನಲ್ಲೂ ಇತರ ದಕ್ಷಿಣ ಶೈಲಿಗಳಲ್ಲೂ ಇದೆ. ಅಮೆರಿಕದ ಜಾನ್ ಜೋನ್ಸ್ ಅದೇ ಬಗೆಯ ಒದೆತವನ್ನು ಯುಎಫ್‌ಸಿಯಲ್ಲಿ ವರ್ಷಗಟ್ಟಲೆ ಬಳಸಿದರು. ಎದುರಾಳಿ ಹತ್ತಿರ ಬರಲು ಕಾಲೆತ್ತಿದಾಗಲೆಲ್ಲ ಮೊಣಕಾಲಿಗೆ ತಡೆ ಬೀಳುತ್ತದೆ. ಹತ್ತಿರ ಬರಲಾಗದವನು ಗುದ್ದಲೂ ಆಗುವುದಿಲ್ಲ, ಹಿಡಿಯಲೂ ಆಗುವುದಿಲ್ಲ. ಜೋನ್ಸ್ ಕುಂಗ್ ಫೂ ಶಿಷ್ಯರಲ್ಲ. ಉಪಯೋಗಕ್ಕೆ ಬರುವ ಪಟ್ಟು ಯಾವ ಶಾಲೆಯ ಮುದ್ರೆಯೂ ಇಲ್ಲದೆ ಬೇರೆಯವರ ಕೈಗೂ ಸಿಗುತ್ತದೆ ಎಂಬುದಕ್ಕೆ ಅವರು ಉದಾಹರಣೆ.

ಕೈಗಳ ವಿಷಯ ಜಟಿಲ. ವಿಂಗ್ ಚುನ್ ಕಲಿಯುವವರು ಇಬ್ಬರೂ ಮುಂಗೈಗಳನ್ನು ಒಂದಕ್ಕೊಂದು ತಾಗಿಸಿಕೊಂಡು ‘ಚೀ ಸಾವ್’ ಆಡುತ್ತಾರೆ. ಸ್ಪರ್ಶದಿಂದಲೇ ಎದುರಾಳಿಯ ಬಲ ಯಾವ ಕಡೆಗೆ ಎಂದು ತಿಳಿದು, ಅವನ ಕೈಯನ್ನು ಸಿಕ್ಕಿಸಿ ಗುದ್ದುವ ಅಭ್ಯಾಸ ಅದು. ಕೌಶಲ ನಿಜವಾದದ್ದೇ. ಆದರೆ ಅದು ಕೈಗೆ ಕೈ ತಾಗಿದ ಮೇಲೆ ಶುರುವಾಗುತ್ತದೆ. ಬಾಕ್ಸಿಂಗ್ ಕಲಿತವನು ಗುದ್ದಿದ ಕೈಯನ್ನು ಅಲ್ಲಿಯೇ ಬಿಡುವುದಿಲ್ಲ, ಹೋದಷ್ಟೇ ವೇಗದಲ್ಲಿ ಎಳೆದುಕೊಳ್ಳುತ್ತಾನೆ. ಸಿಕ್ಕಿಸಲು ಕೈಯೇ ಇರುವುದಿಲ್ಲ. ನಡುರೇಖೆಯನ್ನು ಕಾಯುತ್ತ ನೆಟ್ಟಗೆ ನಿಂತವನಿಗೆ ಪಕ್ಕದಿಂದ ಬಳಸಿ ಬರುವ ಹುಕ್ ಗುದ್ದು ಕಾಣುವುದಿಲ್ಲ, ಸೊಂಟಕ್ಕೆ ನುಗ್ಗುವ ಕುಸ್ತಿಪಟುವನ್ನು ತಡೆಯಲು ಅವನ ತೂಕ ಸರಿಯಾದ ಜಾಗದಲ್ಲಿರುವುದಿಲ್ಲ. 2018ರಲ್ಲಿ ವಿಂಗ್ ಚುನ್‌ನ ಡಿಂಗ್ ಹಾವೊ ಅವರು ಶೂ ಶಿಯಾವೊಡಾಂಗ್ ಎದುರು ಮತ್ತೆ ಮತ್ತೆ ನೆಲಕ್ಕೆ ಬಿದ್ದರು. ತೀರ್ಪು ಸಮಬಲ ಎಂದಾದರೂ ನೋಡಿದವರಿಗೆ ಅಂತರ ಕಂಡಿತು. ಅದೇ ಕೈ ಸಿಕ್ಕಿಸುವ ಕೌಶಲವನ್ನು, ಮಿಶ್ರ ಸಮರ ಕಲೆಯ ಕಾಳಗ ನಡೆಯುವ ಪಂಜರದ ಗೋಡೆಗೆ ಒತ್ತಿಹಿಡಿದ ಹೊತ್ತಿನಲ್ಲಿ, ಇಬ್ಬರೂ ಮೈಗೆ ಮೈ ತಾಗಿಸಿಕೊಂಡಾಗ ಬಳಸಲು ಅವಕಾಶವಿದೆ. ಅಲ್ಲಿಗೆ ತಲುಪಲು ಮಾತ್ರ ಕುಸ್ತಿ ಬೇಕು.

ತೈ ಚಿಯ ಸಂಗತಿ ಇನ್ನೂ ವಿಚಿತ್ರ. ಅದರ ಹಳೆಯ ವರಸೆಗಳಲ್ಲಿ ಗುದ್ದುಗಳಷ್ಟೇ ಎಸೆತಗಳೂ ಇವೆ: ಎದುರಾಳಿಯ ತೂಕ ಒಂದು ಕಾಲಿನ ಮೇಲೆ ಬಂದ ಗಳಿಗೆಯಲ್ಲಿ ಎಳೆಯುವುದು, ಭುಜದಿಂದ ತಳ್ಳುವುದು, ಕಾಲಿಗೆ ಕಾಲು ಅಡ್ಡ ಕೊಡುವುದು. ಇಬ್ಬರು ಕೈ ತಾಗಿಸಿಕೊಂಡು ಒಬ್ಬರನ್ನೊಬ್ಬರು ಕದಲಿಸಲು ನೋಡುವ ಚೆನ್ ಶೈಲಿಯ ಕೈತಳ್ಳಾಟವನ್ನು ಜೋರಾಗಿ ಆಡುವ ಕಡೆ ಅದು ಕುಸ್ತಿಯ ಹತ್ತಿರ ಬರುತ್ತದೆ. ಹಾಗೆ ಆಡುವವರು ಕಡಿಮೆ. ಬಹಳ ಕಡೆ ಅದು ಇಬ್ಬರೂ ಒಪ್ಪಿ ಮಾಡುವ ನಯವಾದ ಚಲನೆಯಾಗಿ ಉಳಿದಿದೆ. ದಡದ ಮೇಲೆ ಕೈಕಾಲು ಬಡಿದು ಈಜು ಕಲಿತಂತೆ ಅದು.

ನೆಲದ ಕಾದಾಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಬಹುತೇಕ ಚೀನೀ ಶೈಲಿಗಳಲ್ಲಿ ಅದು ಇಲ್ಲ. ಮಿಶ್ರ ಸಮರ ಕಲೆಗೆ ಹೋಗುವ ಸಾಂಡಾಪಟುಗಳೂ ಅದನ್ನು ಹೊರಗಿನಿಂದಲೇ ಕಲಿಯುತ್ತಾರೆ. ಝಾಂಗ್ ಕೂಡ ಕಲಿತರು.

ನಿಯಮದ ವಾದಕ್ಕೆ ಬಲವಿರುವ ಜಾಗ

ನಿಯಮಗಳು ಮೈಯ ನಿಲುವನ್ನೇ ಬದಲಿಸುತ್ತವೆ ಎಂಬ ಮಾತು ನಿಜ. ದಪ್ಪ ಕೈಗವಸು ಇದ್ದರೆ ಮುಖ ಮುಚ್ಚಿಕೊಂಡು ನಿಲ್ಲಬಹುದು. ಬರಿಗೈಯಲ್ಲಿ ಆ ರಕ್ಷಣೆಯ ಸಂದಿಯಿಂದ ಗುದ್ದು ನುಸುಳುತ್ತದೆ. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದರೆ ಗುದ್ದಿದವನ ಮೂಳೆಯೇ ಮುರಿಯಬಹುದು. ಹತ್ತೊಂಬತ್ತನೇ ಶತಮಾನದ ಬರಿಗೈ ಬಾಕ್ಸರುಗಳ ಚಿತ್ರಗಳನ್ನು ನೋಡಿದರೆ ಕೈ ಉದ್ದಕ್ಕೆ ಚಾಚಿ, ನೆಟ್ಟಗೆ ನಿಂತ ಭಂಗಿ ಕಾಣುತ್ತದೆ. ಅದು ಇಂದಿನ ಬಾಕ್ಸಿಂಗಿಗಿಂತ ಹಳೆಯ ಕುಂಗ್ ಫೂ ಚಿತ್ರಗಳಿಗೆ ಹತ್ತಿರ. ಕೆಲವು ವರಸೆಗಳ ನಡೆ ಆಯುಧದಿಂದ ಬಂದದ್ದು. ಶಿಂಗ್‌ಯಿ ಶೈಲಿಯ ಮೂಲ ಈಟಿಯಲ್ಲಿದೆ ಎಂದು ಅದರ ಪರಂಪರೆಯೇ ಹೇಳುತ್ತದೆ. ಈಟಿಗೆಂದು ಹುಟ್ಟಿದ ಹೆಜ್ಜೆಯನ್ನು ಬರಿಗೈಗೆ ತಂದರೆ ವಿಚಿತ್ರವಾಗಿ ಕಾಣುವುದು ಸಹಜ.

ಹೀಗಾಗಿ ಒಂದು ವರಸೆ ಪಂಜರದಲ್ಲಿ ನಡೆಯದಿದ್ದರೆ ಅದು ಹುಟ್ಟಿನಿಂದಲೇ ಸುಳ್ಳು ಎನ್ನಲಾಗದು. ಆದರೆ ಈ ವಾದ ಗುರುಗಳನ್ನು ಕಾಪಾಡುವುದಿಲ್ಲ. ಚೆಂಗ್ಡುವಿನಲ್ಲಿ ಗುರು ಸೋತದ್ದು ನಿಷೇಧಗಳಿಂದಲ್ಲ. ಮುಖಕ್ಕೆ ಬರುವ ಗುದ್ದನ್ನು ಅವರು ಮೊದಲು ಎದುರಿಸಿರಲಿಲ್ಲ ಎಂಬುದು ಅವರ ಕಾಲುಗಳಲ್ಲೇ ಕಾಣುತ್ತಿತ್ತು.

ಮುಂದೆ ಏನಾಗಬಹುದು?

ಅನಧಿಕೃತ ಕಾಳಗಗಳನ್ನು ತಡೆಯುವುದರಿಂದ ಅವಮಾನದ ವಿಡಿಯೊಗಳು ಕಡಿಮೆಯಾಗಬಹುದು. ಜೊತೆಗೆ ಹೇಳಿಕೆಗಳನ್ನು ಒರೆಗೆ ಹಚ್ಚುವ ದಾರಿಯೂ ಮುಚ್ಚುತ್ತದೆ. ಅದರ ನಷ್ಟ ಬೀಳುವುದು ಶಿಷ್ಯರ ಮೇಲೆ. ಆತ್ಮರಕ್ಷಣೆಗೆಂದು ವರ್ಷಗಟ್ಟಲೆ ಹಣ, ಸಮಯ ಕೊಟ್ಟವರು ಒಂದು ದಿನ ನಿಜವಾದ ಅಪಾಯದೆದುರು ಹುಸಿ ಧೈರ್ಯದಿಂದ ನಿಂತರೆ, ಓಡಿ ತಪ್ಪಿಸಿಕೊಳ್ಳಬಹುದಾಗಿದ್ದ ಕಡೆ ಪೆಟ್ಟು ತಿನ್ನುತ್ತಾರೆ.

ಇನ್ನೊಂದು ಕಡೆ, ತೈ ಚಿಯ ನಿಜವಾದ ಲಾಭಗಳೂ ಈ ಗದ್ದಲದಲ್ಲಿ ಮುಚ್ಚಿಹೋಗುತ್ತಿವೆ. ವಯಸ್ಸಾದವರ ಸಮತೋಲನ ಸುಧಾರಿಸಲು, ಬೀಳುವುದನ್ನು ತಗ್ಗಿಸಲು ಅದು ನೆರವಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರಗಳಿವೆ. ಇದಕ್ಕೆ ಯಾರನ್ನೂ ಹೊಡೆದುರುಳಿಸಬೇಕಿಲ್ಲ. ಪಾರಿವಾಳದ ಪ್ರದರ್ಶನವಂತೂ ಬೇಕೇ ಇಲ್ಲ.

ಸೆನೆಗಲ್‌ನ ಡಾಕರ್‌ನಲ್ಲಿ 2026ಕ್ಕೆ ನಿಗದಿಯಾಗಿರುವ ಯುವ ಒಲಿಂಪಿಕ್ಸ್‌ನಲ್ಲಿ ವುಶುವಿಗೆ ಮೊದಲ ಬಾರಿ ಪದಕ ಕ್ರೀಡೆಯ ಸ್ಥಾನ ಸಿಕ್ಕಿದೆ. ಇದರಿಂದ ಕಲಿಯಲು ಬರುವ ಮಕ್ಕಳ ಸಂಖ್ಯೆ ಏರುವ ಸಾಧ್ಯತೆಯಿದೆ. ಅವರನ್ನು ಸೇರಿಸುವ ಪೋಷಕರು ಕೇಳಬೇಕಾದ ಪ್ರಶ್ನೆ ಗುರುವಿನ ವಂಶಾವಳಿಯದ್ದಲ್ಲ. ಇಲ್ಲಿ ಕಲಿಸುವುದು ವರಸೆಯೋ ಸೆಣಸಾಟವೋ ಎಂದು ಮೊದಲು ಕೇಳಬೇಕು. ಸೆಣಸಾಟ ಎಂದರೆ, ಜೊತೆಗಾರ ಸಹಕರಿಸದೆ ತಿರುಗಿ ಹೊಡೆಯುವ ಅಭ್ಯಾಸ ವಾರಕ್ಕೆ ಎಷ್ಟು ದಿನ ನಡೆಯುತ್ತದೆ, ಮುಖಕ್ಕೆ ರಕ್ಷಣೆ ಏನು, ಒಂದು ದಿನ ಕೂತು ನೋಡಬಹುದೇ ಎಂದು ಕೇಳಬೇಕು. ವರಸೆಯನ್ನಷ್ಟೇ ಕಲಿಸುತ್ತೇವೆ ಎಂದು ನೇರವಾಗಿ ಹೇಳುವ ಶಾಲೆಯಲ್ಲಿ ಯಾವ ತಪ್ಪೂ ಇಲ್ಲ; ಮಗುವಿಗೆ ಅಲ್ಲಿ ಮೈಯ ಹಿಡಿತ, ಶಿಸ್ತು, ಚೆಲುವಾದ ಚಲನೆ ಸಿಗುತ್ತದೆ. ನಮ್ಮ ವಿದ್ಯೆ ಪ್ರಾಣಾಂತಿಕ, ಅದನ್ನು ಸೆಣಸಿ ತೋರಿಸಲಾಗದು ಎಂಬ ಉತ್ತರ ಬಂದರೆ ಬೇರೆ ಶಾಲೆ ಹುಡುಕಬೇಕು.